ಸ್ಪರ್ಧೆಗೆ ಆರು ವಾರ ಮುಂಚೆ: ಕಲಬುರಗಿಯ ಒಂದು ಕ್ರೀಡಾ ಫಿಸಿಯೋಥೆರಪಿ ಕೇಂದ್ರ

ನಾನು ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು, ಬೆಳಗಿನ ಹೊತ್ತು ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಟದ ಮಕ್ಕಳಿಗೆ ತರಬೇತಿ ಕೊಡುತ್ತೇನೆ. ಈ ವರ್ಷ ನನ್ನ ಶಿಷ್ಯೆಯೊಬ್ಬಳು 1500 ಮೀಟರ್ ಓಟದಲ್ಲಿ ರಾಷ್ಟ್ರಮಟ್ಟದ ಕೂಟಕ್ಕೆ ಆಯ್ಕೆಯಾದಳು. ಆಯ್ಕೆಯಾದದ್ದೇ ತಾಲೀಮು ಹೆಚ್ಚಿಸಿದೆವು; ಹೆಚ್ಚಿಸಿದಷ್ಟೂ ಅವಳ ಸಮಯ ಹಿಂದೆ ಬೀಳುತ್ತ ಬಂತು, ಮೀನಖಂಡ ದಿನವೂ ಬಿಗಿಯತೊಡಗಿತು. ಇಂಥ ಹೊತ್ತಿನಲ್ಲಿ ಹೈದರಾಬಾದಿಗೋ ಸೊಲ್ಲಾಪುರಕ್ಕೋ ರೈಲು ಹತ್ತುವುದು ನಮ್ಮ ಭಾಗದವರ ರೂಢಿ. ಈ ಸಲ ಊರಲ್ಲೇ ಇರುವ ಕ್ರೀಡಾ ಫಿಸಿಯೋಥೆರಪಿ ಕೇಂದ್ರವೊಂದಕ್ಕೆ ಆರು ವಾರ ಹೋಗಿಬಂದೆವು. ಕೊರತೆಗಳನ್ನೂ ಬರೆಯಬೇಕಾಗಿರುವುದರಿಂದ ಕೇಂದ್ರದ ಹೆಸರು ಹೇಳುವುದಿಲ್ಲ. ಆದರೆ ಇಂಥ ಸೇವೆಯಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ಕೇಳಿ ಪಡೆಯಬೇಕು ಎಂಬುದು ಇತರ ತರಬೇತುದಾರರಿಗೂ ತಂದೆತಾಯಿಗಳಿಗೂ ತಿಳಿಯಬೇಕೆಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲ ದಿನ ಮೀನಖಂಡವನ್ನು ಒತ್ತಿ ನೋಡಿ, ಮಷಿನ್ ಹಚ್ಚಿ ಕಳಿಸುತ್ತಾರೆಂದು ನಾನು ಎಣಿಸಿದ್ದೆ. ಫಿಸಿಯೋ ಸುಮಾರು ಮುಕ್ಕಾಲು ತಾಸು ಬರೀ ಪ್ರಶ್ನೆಗಳನ್ನೇ ಕೇಳಿದರು. ಮೊದಲನೆಯ ಪ್ರಶ್ನೆಯೇ, "ತಂಗಿ, ರಾತ್ರಿ ಎಷ್ಟು ತಾಸು ನಿದ್ದಿ ಮಾಡ್ತಿ?" ಎಂಬುದು. "ನಾಕು ತಾಸು ಹತ್ತಿದ್ರ ಭಾಳ ಆತ್ರಿ" ಎಂದಳು ಹುಡುಗಿ. ವರ್ಷಗಟ್ಟಲೆ ದಿನವೂ ಅವಳ ಮುಖ ನೋಡುವ ನಾನು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿರಲಿಲ್ಲ. ದೊಡ್ಡವರಿಗೇ ಏಳರಿಂದ ಒಂಬತ್ತು ತಾಸಿನ ನಿದ್ದೆ ಬೇಕೆನ್ನುವಾಗ, ಎರಡು ಹೊತ್ತು ತಾಲೀಮು ಮಾಡುವ ಹದಿನೆಂಟರ ಹುಡುಗಿಗೆ ನಾಲ್ಕು ತಾಸು ಯಾವ ಮೂಲೆಗೂ ಸಾಲದು. ಸ್ನಾಯು ದುರಸ್ತಿಗೆ ನಿದ್ದೆ ಬೇಕೇ ಬೇಕು. ಅನಂತರ ಕೇಂದ್ರದ ವೈದ್ಯೆ ನನ್ನನ್ನು ಹೊರಗೆ ಕೂರಿಸಿ, ಅವಳೊಬ್ಬಳ ಜೊತೆ ಮುಟ್ಟಿನ ಬಗ್ಗೆ ಮಾತಾಡಿದರು. ಆಮೇಲೆ ಹುಡುಗಿಯ ಒಪ್ಪಿಗೆ ಪಡೆದೇ ನನಗೂ ವಿವರಿಸಿದರು. ಓಟಕ್ಕೆ ಖರ್ಚಾಗುವಷ್ಟು ಊಟ ಹೊಟ್ಟೆಗೆ ಬೀಳದಿದ್ದರೆ ಮುಟ್ಟು ತಪ್ಪುತ್ತದೆ, ಮೂಳೆ ಸವೆಯುತ್ತದೆ, ಪದೇ ಪದೇ ಜ್ವರ ನೆಗಡಿ ಬರುತ್ತವೆ. ಕ್ರೀಡಾಪಟುಗಳಲ್ಲಿ ಕಾಣುವ ಈ ಶಕ್ತಿಯ ಕೊರತೆಯನ್ನು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಹೆಸರಿಟ್ಟು ಗುರುತಿಸಿದೆ, ಗಂಡುಮಕ್ಕಳಿಗೂ ಇದು ತಪ್ಪಿದ್ದಲ್ಲ.

ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 10.2 ಬಂತು. ಹೆಣ್ಣುಮಕ್ಕಳಲ್ಲಿ 12ಕ್ಕಿಂತ ಕಡಿಮೆಯಾದರೆ ಅದು ರಕ್ತಹೀನತೆ. ವೈದ್ಯೆ ಕಬ್ಬಿಣಾಂಶದ ಮಾತ್ರೆ ಬರೆದುಕೊಟ್ಟರು. ಆದರೆ ನನಗೆ ಹೆಚ್ಚು ಹಿಡಿಸಿದ್ದು ಅವರು ಊಟದ ಬಗ್ಗೆ ಹೇಳಿದ ರೀತಿ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ಎಲ್ಲವೂ ಇರಲಿ ಎಂದರು, ತಾಟಿನಲ್ಲಿ ಎರಡು ರೊಟ್ಟಿ ಹೆಚ್ಚಾಗಲಿ, ಲಿಂಬೆಹಣ್ಣು ಹಿಂಡಿಕೊಳ್ಳಲಿ ಎಂದರು. ಬಿಡಿಸಿದ್ದು ಊಟದ ಬೆನ್ನಿಗೇ ಕುಡಿಯುವ ಚಹಾ ಒಂದನ್ನೇ, ಏಕೆಂದರೆ ಅದು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಬಡ ಮನೆಯ ಅಡುಗೆಯಿಂದಲೇ ನಡೆಯುವ ಸಲಹೆಯಿದು.

ನಾನು ಈ ಕೇಂದ್ರಕ್ಕೆ ಬಹಳ ಋಣಿಯಾಗಿರುವುದು ಮೂರನೆಯ ವಾರದ ಒಂದು ಘಟನೆಗೆ. ಹುಡುಗಿಗೆ ಕೆಮ್ಮು ಹಿಡಿದಿತ್ತು, ಮನೆಯವರು ಓಣಿಯ ಔಷಧ ಅಂಗಡಿಯಿಂದ ಸಿರಪ್ ತಂದುಕೊಟ್ಟಿದ್ದರು. ಅವಳು ಬ್ಯಾಗಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಾಗ, ಫಿಸಿಯೋ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಂಟಂಟಾಗಿದ್ದ ಚೀಟಿಯನ್ನು ಹೆಬ್ಬೆರಳಿನಿಂದ ಒರೆಸಿ, ಸಣ್ಣ ಅಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನನ್ನು ಓದಿಸಿದರು: ಟರ್ಬುಟಲಿನ್. ನಮ್ಮಲ್ಲಿ ಮಾರುವ ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿರುವ ಈ ಔಷಧ ವಿಶ್ವ ಉದ್ದೀಪನ ಮದ್ದು ತಡೆ ಘಟಕದ ನಿಷೇಧಿತ ಪಟ್ಟಿಯಲ್ಲಿದೆ. ಸ್ಪರ್ಧೆಯ ದಿನವಷ್ಟೇ ಅಲ್ಲ, ವರ್ಷವಿಡೀ ನಿಷಿದ್ಧ. ಮೈಯಲ್ಲಿ ಸಿಕ್ಕಿದ್ದಕ್ಕೆ ಕ್ರೀಡಾಪಟುವೇ ಹೊಣೆ, ಗೊತ್ತಿಲ್ಲದೆ ಕುಡಿದೆ ಎಂದರೂ ಆ ಹೊಣೆ ತಪ್ಪುವುದಿಲ್ಲ. ನಿಜವಾಗಿ ಅಸ್ತಮಾ ಮುಂತಾದ ಕಾಯಿಲೆಯಿರುವವರು ಮುಂಚಿತವಾಗಿ ಅನುಮತಿ ಕೇಳುವ ದಾರಿಯೂ ಇದೆಯೆಂದು ಅವರು ತಿಳಿಸಿದರು. ಮೊಣಕಾಲು ನೋವಿಗೆಂದು ಕೂಟದ ಹಿಂದಿನ ದಿನ ಸ್ಟೀರಾಯ್ಡ್ ಸೂಜಿ ಹಾಕಿಸಿಕೊಳ್ಳುವ ಚಾಳಿ ನಮ್ಮಲ್ಲಿದೆ. 2022ರ ಜನವರಿ 1ರಿಂದ ಸ್ಪರ್ಧೆಯ ಅವಧಿಯಲ್ಲಿ ಆ ಸೂಜಿಯೂ ನಿಷಿದ್ಧ ಎಂಬುದು ನನಗೆ ತಿಳಿದದ್ದು ಅಂದೇ.

ಗೆಳೆಯರೊಬ್ಬರ ಗರಡಿಯ ಪೈಲ್ವಾನ ಹುಡುಗನೂ ನಮ್ಮ ಜೊತೆ ಬರುತ್ತಿದ್ದ. 61 ಕಿಲೋ ತೂಗುವ ಅವನಿಗೆ 57 ಕಿಲೋ ವಿಭಾಗದಲ್ಲಿ ಆಡುವ ಹಟ. ಕೊನೆಯ ಎರಡು ದಿನ ನೀರು ಬಿಟ್ಟು, ಕಂಬಳಿ ಹೊದ್ದು ಬೆವರಿಳಿಸಿದರಾಯಿತು ಎಂಬ ಲೆಕ್ಕ. ಫಿಸಿಯೋ ಅವನಿಗೆ ಕುಸ್ತಿಪಟು ವಿನೇಶ್ ಫೋಗಟ್ ಅವರ ಒಲಿಂಪಿಕ್ಸ್ ಪ್ರಸಂಗವನ್ನು ನೆನಪಿಸಿದರು. ಪ್ಯಾರಿಸ್‌ನಲ್ಲಿ ಒಂದೇ ದಿನ ಮೂರು ಪಂದ್ಯ ಗೆದ್ದ ಅವರು ರಾತ್ರಿಯೆಲ್ಲ ಬೆವರಿಳಿಸಿ, ಕೂದಲನ್ನೂ ಕತ್ತರಿಸಿಕೊಂಡು, 2024ರ ಆಗಸ್ಟ್ 7ರ ಬೆಳಿಗ್ಗೆ 50 ಕಿಲೋಗೆ 100 ಗ್ರಾಂ ಹೆಚ್ಚಾಗಿ ಅನರ್ಹರಾದರು, ನಿರ್ಜಲೀಕರಣಕ್ಕೆ ಚಿಕಿತ್ಸೆ ಪಡೆಯಬೇಕಾಯಿತು. ಮೈತೂಕದ ನೂರಕ್ಕೆ ಎರಡರಷ್ಟು ನೀರು ಕಳೆದುಕೊಂಡರೂ ಕಸುವು ಕುಗ್ಗುತ್ತದೆ ಎಂದು ತಿಳಿಹೇಳಿ, 61 ಕಿಲೋ ವಿಭಾಗದಲ್ಲೇ ಆಡೆಂದರು. ಹುಡುಗ ಮುಖ ಸಣ್ಣ ಮಾಡಿದ, ಆದರೆ ಒಪ್ಪಿದ.

ಕೊನೆಯ ಎರಡು ವಾರ ಓಟದ ಒಟ್ಟು ದೂರವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿ, ವೇಗವನ್ನು ಮಾತ್ರ ಇಳಿಸಬೇಡಿ ಎಂದು ನನಗೆ ಬರೆದುಕೊಟ್ಟರು. ಕೂಟ ಹತ್ತಿರ ಬಂದಾಗಲೇ ಹೆಚ್ಚು ದುಡಿಸುವ ನಮ್ಮ ಹಳೆಯ ಪದ್ಧತಿಗೆ ಇದು ತೀರ ವಿರುದ್ಧ. ಪಾಲಿಸುವುದು ನನಗೇ ಕಷ್ಟವಾಯಿತು. ಕಲಬುರಗಿಯ ಬಿಸಿಲಿಗೆ ತಾಲೀಮಿನ ಮುಂಚೆ ಮತ್ತು ನಂತರ ತೂಕ ನೋಡಿ, ಇಳಿದಷ್ಟಕ್ಕಿಂತ ತುಸು ಹೆಚ್ಚು ನೀರನ್ನು ಉಪ್ಪು ಸೇರಿಸಿ ಕುಡಿಸುವ ಅಭ್ಯಾಸವನ್ನೂ ಅವರೇ ಕಲಿಸಿದರು.

ಇನ್ನು ಕೊರತೆಗಳು. ಹುಡುಗಿಯ ನಿದ್ದೆಗೆಟ್ಟದ್ದು ಭಯದಿಂದ ಎಂಬುದು ಎರಡನೆಯ ಭೇಟಿಯಲ್ಲೇ ಎಲ್ಲರಿಗೂ ತಿಳಿಯಿತು. ಆದರೆ ಮನಸ್ಸಿನ ವಿಷಯ ಮಾತಾಡಬಲ್ಲವರು ಅಲ್ಲಿ ಯಾರೂ ಇಲ್ಲ. "ಧ್ಯಾನ ಮಾಡವ್ವಾ" ಎಂದು ಬೆನ್ನು ತಟ್ಟಿ ಕಳಿಸಿದರು. 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯ ಫೈನಲಿನಿಂದ ಮನಸ್ಸಿನ ಆರೋಗ್ಯಕ್ಕಾಗಿ ನಡುವೆಯೇ ಹಿಂದೆ ಸರಿದ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್, 2024ರಲ್ಲಿ ಪ್ಯಾರಿಸ್‌ನಿಂದ ಮೂರು ಚಿನ್ನ ತಂದದ್ದನ್ನು ಜಗತ್ತೇ ನೋಡಿದ ಮೇಲೂ, ಮನಸ್ಸಿನ ಆರೋಗ್ಯವನ್ನು ಮೀನಖಂಡಕ್ಕಿಂತ ಕೆಳಗಿಡುವುದು ಸರಿಯಲ್ಲ. ವಾರಕ್ಕೊಮ್ಮೆಯಾದರೂ ಆಪ್ತಸಮಾಲೋಚಕರನ್ನು ಕರೆಸಬೇಕು. ಎರಡನೆಯದಾಗಿ, ಸಿರಪ್ಪಿನ ವಿಷಯದಲ್ಲಿ ಅಷ್ಟು ಎಚ್ಚರ ವಹಿಸುವ ಇವರು ಕೌಂಟರಿನಲ್ಲಿ ಪ್ರೋಟೀನ್ ಪುಡಿಯ ಡಬ್ಬಿಗಳನ್ನು ಮಾರುತ್ತಾರೆ. ನಿಷಿದ್ಧ ಪದಾರ್ಥಗಳಿಗಾಗಿ ಅವುಗಳನ್ನು ಪರೀಕ್ಷಿಸಲಾಗಿದೆಯೇ ಎಂದು ನಾನು ಎರಡು ಸಲ ಕೇಳಿದರೂ ನೇರ ಉತ್ತರ ಬರಲಿಲ್ಲ. ಸಂಜೆ ಏಳಕ್ಕೇ ಬಾಗಿಲು ಹಾಕುವುದರಿಂದ ಸಂಜೆಯ ತಾಲೀಮು ಮುಗಿಸಿದ ಮಕ್ಕಳಿಗೆ ಪ್ರಯೋಜನವಿಲ್ಲ. ಮೊದಲ ಭೇಟಿಗೆ 600 ರೂಪಾಯಿ, ಆಮೇಲೆ ಪ್ರತಿ ಸಲಕ್ಕೆ 350. ಅವರು ನಮಗಾಗಿ ಕೊಡುವ ಸಮಯಕ್ಕೆ ಹೋಲಿಸಿದರೆ ಅದು ಹೆಚ್ಚೆನಿಸದಿದ್ದರೂ ಕೂಲಿಯವರ ಮಕ್ಕಳಿಗೆ ಭಾರವೇ.

ಹೋಗುವವರು ಕೂಟಕ್ಕೆ ಆರು ವಾರವಿರುವಾಗಲೇ ಹೋಗಿರಿ. ರಕ್ತಹೀನತೆಯನ್ನು ಆರು ದಿನದಲ್ಲಿ ಯಾರಿಂದಲೂ ಸರಿಪಡಿಸಲಾಗದು. ಹೆಣ್ಣುಮಕ್ಕಳಿದ್ದರೆ ವೈದ್ಯೆ ಇರುವ ದಿನವನ್ನು ಫೋನಿನಲ್ಲಿ ಕೇಳಿಕೊಳ್ಳಿರಿ. ಮನೆಯಲ್ಲಿ ನುಂಗುತ್ತಿರುವ ಮಾತ್ರೆ, ಸಿರಪ್, ಚೂರ್ಣ, ಪುಡಿ ಏನೇ ಇರಲಿ, ಎಲ್ಲವನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ಆ ಮೇಜಿನ ಮೇಲೆ ಸುರಿಯಿರಿ.