20 ಡಿಬಿ ಇನ್‌ಲೈನ್ ಪ್ಯಾಡ್: ನಾಲ್ಕು ವರ್ಷ ಬಳಸಿದ ಮೇಲೆ

ಗೇಣಿಗಿಂತ ಚಿಕ್ಕ ಲೋಹದ ಕೊಳವೆ. ಮೈಕಿನ ಸಿಗ್ನಲ್ ತೀರ ಜೋರಾದಾಗ, ಅದನ್ನು ಹಿಗ್ಗಿಸುವ ಪ್ರೀಆಂಪ್ ತಲುಪುವ ಮೊದಲೇ ಇಳಿಸುವುದು ಇದರ ಕೆಲಸ. ಒಂದು ತುದಿಗೆ ಮೇಲ್ ಎಕ್ಸ್‌ಎಲ್‌ಆರ್ (ಮೈಕ್ ಕೇಬಲಿನ ಮೂರು ಪಿನ್ ಕನೆಕ್ಟರ್), ಇನ್ನೊಂದಕ್ಕೆ ಫೀಮೇಲ್, ಒಳಗೆ ಮೂರೇ ಮೂರು ರೆಸಿಸ್ಟರ್. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ: 20 ಡಿಬಿ (ಡೆಸಿಬಲ್) ಮಾತ್ರ ಇಳಿಸುವ ಸ್ಥಿರ ಪ್ಯಾಡ್, ಮತ್ತು 10-20-30 ಎಂದು ಸ್ವಿಚ್ ಸರಿಸುವ ಪ್ಯಾಡ್. ಎರಡನ್ನೂ ಬಳಸಿದ ಮೇಲಿನ ತೀರ್ಮಾನ: ಸ್ಥಿರ ಪ್ಯಾಡ್ ಎರಡು ಇಟ್ಟುಕೊಳ್ಳಿ, ಸ್ವಿಚ್ಚಿನದು ಬೇಡ.

ಪ್ಯಾಡ್ ಬೇಕೋ ಬೇಡವೋ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕ ಹಾಕಬಹುದು. ಯಕ್ಷಗಾನದ ಚೆಂಡೆಗೆ ತೀರ ಹತ್ತಿರ ಮೈಕ್ ಇಟ್ಟಿದ್ದೀರಿ, ಏಟಿನ ತುದಿ 130 ಡಿಬಿ ಮುಟ್ಟುತ್ತಿದೆ ಎಂದುಕೊಳ್ಳಿ. ಶೂರ್ ಎಸ್‌ಎಂ57 ಎಂಬ ಡೈನಾಮಿಕ್ ಮೈಕ್ 94 ಡಿಬಿ ಸದ್ದಿಗೆ ಕೊಡುವುದು 1.6 ಮಿಲಿವೋಲ್ಟ್. ಅದಕ್ಕಿಂತ 36 ಡಿಬಿ ಮೇಲೆ ಎಂದರೆ 63 ಪಟ್ಟು, ಅಂದರೆ ಸುಮಾರು 0.1 ವೋಲ್ಟ್, -18 ಡಿಬಿಯು (ಸಿಗ್ನಲಿನ ವೋಲ್ಟೇಜನ್ನು ಡಿಬಿಯಲ್ಲಿ ಹೇಳುವ ಅಳತೆ). ಯಾವ ಒಳ್ಳೆಯ ಇಂಟರ್‌ಫೇಸೂ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇದಕ್ಕೆ ಹೆದರುವುದಿಲ್ಲ. ಅದೇ ಜಾಗದಲ್ಲಿ ರೋಡ್ ಎನ್‌ಟಿ1-ಎ ಎಂಬ ಕಂಡೆನ್ಸರ್ ಮೈಕ್ ಇಟ್ಟರೆ 25 ಮಿಲಿವೋಲ್ಟ್‌ನ 63 ಪಟ್ಟು, 1.6 ವೋಲ್ಟ್, +6 ಡಿಬಿಯು. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಪೂರ್ತಿ ಇಳಿಸಿದರೂ +9 ಡಿಬಿಯು ಮಾತ್ರ ತಾಳುವ ಇನ್‌ಪುಟ್‌ನಲ್ಲಿ ಉಳಿದದ್ದು ಮೂರೇ ಡಿಬಿ. ಬಾರಿಸುವವರಿಗೆ ಹುರುಪು ಬಂದರೆ ಅದೂ ಇಲ್ಲ. ಈ ಮೈಕಿಗೆ ತನ್ನದೇ ಪ್ಯಾಡ್ ಸ್ವಿಚ್ ಇಲ್ಲದ್ದರಿಂದ ಕೊಳವೆ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಡೈನಾಮಿಕ್ ಮೈಕಿಗೆ ಪ್ಯಾಡ್ ಹಾಕುವವರು ಬಹುಮಟ್ಟಿಗೆ ಸುಮ್ಮನೆ ಹಾಕುತ್ತಿದ್ದಾರೆ.

ಇನ್ನು ಇಂಪೀಡೆನ್ಸ್, ಅಂದರೆ ಸಿಗ್ನಲಿಗೆ ಎದುರಾಗುವ ರೋಧ; ಅದನ್ನು ಅಳೆಯುವುದು ಓಮ್‌ಗಳಲ್ಲಿ. ‘ಮ್ಯಾಚಿಂಗ್’ ಎಂಬ ಮಾತೇ ಜನರನ್ನು ದಾರಿ ತಪ್ಪಿಸುತ್ತದೆ. ಎರಡೂ ಕಡೆ ಒಂದೇ ಓಮ್ ಇರಬೇಕೆಂಬುದು ಟೆಲಿಫೋನ್ ಲೈನಿನ 600 ಓಮ್ ಕಾಲದ ಪಾಠ. 150 ಓಮ್ ಮೈಕಿಗೆ 150 ಓಮ್ ಲೋಡ್ ಕೊಟ್ಟರೆ 6 ಡಿಬಿ ಸಿಗ್ನಲ್ ದಂಡ. ಈಗಿನ ಮೈಕುಗಳು ಬಯಸುವುದು ತಮ್ಮ ಇಂಪೀಡೆನ್ಸಿನ ಐದರಿಂದ ಹತ್ತು ಪಟ್ಟಿನ ಲೋಡನ್ನು. ಒಳ್ಳೆಯ ಪ್ಯಾಡ್ ಈ ಸಂಬಂಧವನ್ನು ಕೆಡಿಸುವುದಿಲ್ಲ. 2 ಮತ್ತು 3ನೇ ಪಿನ್‌ಗಳ ದಾರಿಯಲ್ಲಿ ತಲಾ 680 ಓಮ್, ಔಟ್‌ಪುಟ್ ಕಡೆ ಆ ಎರಡರ ನಡುವೆ ಅಡ್ಡಲಾಗಿ 150 ಓಮ್: 2 ಕಿಲೋಓಮ್ ಪ್ರೀಆಂಪ್‌ಗೆ ಇದು ಸುಮಾರು 20.6 ಡಿಬಿ ಇಳಿಸುತ್ತದೆ. ಮೈಕಿಗೆ ಕಾಣುವುದು 1500 ಓಮ್ ಲೋಡ್, ಪ್ರೀಆಂಪ್‌ಗೆ ಕಾಣುವುದು ಸುಮಾರು 136 ಓಮ್ ಮೂಲ. ಪ್ಯಾಡ್ ನಡುವೆ ಇದೆ ಎಂಬುದೇ ಇಬ್ಬರಿಗೂ ತಿಳಿಯುವುದಿಲ್ಲ. 10 ಡಿಬಿ ಬೇಕಿದ್ದರೆ 470, 470, 560. 30 ಡಿಬಿಗೆ 750, 750, 47.

ಫ್ಯಾಂಟಮ್, ಅಂದರೆ ಪ್ರೀಆಂಪ್ ಕೇಬಲಿನ ಮೂಲಕವೇ ಕಂಡೆನ್ಸರ್ ಮೈಕಿಗೆ ಕೊಡುವ 48 ವೋಲ್ಟ್ ವಿದ್ಯುತ್, ಇದರ ಮೂಲಕ ಹಾಯುತ್ತದೆ. ಅಡ್ಡ ರೆಸಿಸ್ಟರಿನ ಎರಡೂ ತುದಿಗಳಲ್ಲಿ ಒಂದೇ ಡಿಸಿ ವೋಲ್ಟೇಜ್ ಇರುವುದರಿಂದ ಅದರಲ್ಲಿ ಕರೆಂಟ್ ಹರಿಯದು. 4 ಮಿಲಿಆಂಪ್ ಎಳೆಯುವ ಮೈಕಿಗೆ ಪ್ಯಾಡ್ ಇಲ್ಲದಾಗ 34.4 ವೋಲ್ಟ್ ತಲುಪಿದರೆ, ಪ್ಯಾಡ್ ಇದ್ದಾಗ 33. ಆತಂಕವಿಲ್ಲ.

ಸ್ವಿಚ್ಚಿನ ಪ್ಯಾಡ್ ಕೈಕೊಡುವುದು ಸ್ವಿಚ್ಚಿನಲ್ಲೇ. ಕರಾವಳಿಯ ಉಪ್ಪುಗಾಳಿಗೆ ಕಾಂಟ್ಯಾಕ್ಟ್ ಮಂಕಾಗಿ ಒಂದು ದಾರಿಯ ರೋಧ ಏರುತ್ತದೆ, ಎರಡು ದಾರಿಗಳ ನಡುವಿನ ಬ್ಯಾಲೆನ್ಸ್ ತಪ್ಪುತ್ತದೆ, ಡಿಮ್ಮರ್ ಲೈಟಿನ ಗುಂಯ್‌ಗುಡುವಿಕೆ ಒಳನುಸುಳುತ್ತದೆ. ಫ್ಯಾಂಟಮ್ ಇದ್ದರೆ ಜೊತೆಗೆ ಚಟಪಟ ಸದ್ದು. ಫ್ಯಾಂಟಮ್ ಆರಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಇಪ್ಪತ್ತು ಸಲ ಆಚೀಚೆ ಸರಿಸಿದರೆ ಸರಿಹೋಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ.

ಕೊಂಡ ದಿನವೇ ಮಲ್ಟಿಮೀಟರ್ ಹಿಡಿಯಿರಿ. 2ರಿಂದ 2ಕ್ಕೆ, 3ರಿಂದ 3ಕ್ಕೆ ಒಂದೇ ರೀಡಿಂಗ್ ಬರಬೇಕು. 1ರಿಂದ 1ಕ್ಕೆ ಸೊನ್ನೆ. ಇನ್‌ಪುಟ್ ಖಾಲಿ ಬಿಟ್ಟು ಔಟ್‌ಪುಟ್‌ನ 2-3 ಅಳೆದರೆ 150 ಆಸುಪಾಸು, ಇನ್‌ಪುಟ್‌ನ 2-3 ಅಳೆದರೆ 1510. ಎರಡು ದಾರಿಗಳಲ್ಲಿ ಶೇಕಡಾ 5ರಷ್ಟು ವ್ಯತ್ಯಾಸ ಕಂಡರೆ ಹಿಂದಿರುಗಿಸಿ. ಪ್ರೀಆಂಪಿನಲ್ಲಿ ಫ್ಯಾಂಟಮ್ ಕೊಡುವ ರೆಸಿಸ್ಟರ್‌ಗಳ ಜೋಡಿಗೇ ಮಾನದಂಡ ಕೇಳುವುದು ಶೇಕಡಾ 0.4ರ ಹೊಂದಾಣಿಕೆ. ಬೆಸುಗೆ ಬಲ್ಲವರು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಶೇಕಡಾ 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ಹತ್ತಿಪ್ಪತ್ತು ತಂದು, ಅಳೆದು ಜೋಡಿ ಆರಿಸಿ, ತಾವೇ ಮಾಡಿಕೊಳ್ಳುವುದು ಮೇಲು.

ಇದರಿಂದ ಆಗದ ಕೆಲಸವೂ ಇದೆ. ಮೈಕಿನ ಒಳಗಿನ ಸರ್ಕ್ಯೂಟೇ ಕ್ಲಿಪ್ ಆಗುತ್ತಿದ್ದರೆ (ಮಿತಿ ಮೀರಿ ಸದ್ದು ಒಡೆಯುತ್ತಿದ್ದರೆ) ಹೊರಗಿನ ಪ್ಯಾಡ್ ಏನೂ ಮಾಡದು. ಒಡೆದ ಸದ್ದನ್ನೇ 20 ಡಿಬಿ ಇಳಿಸಿ ಕೊಡುತ್ತದೆ. ನಾಯ್‌ಮನ್ ಯು87 ಎಐ ಮೈಕ್ 117 ಡಿಬಿಗೆ ತನ್ನ ಮಿತಿ ಮುಟ್ಟುತ್ತದೆ. ಅದರದೇ 10 ಡಿಬಿ ಸ್ವಿಚ್ ಹಾಕಿದರೆ 127. ಅಲ್ಲಿ ಮೊದಲು ಒತ್ತಬೇಕಾದ್ದು ಆ ಸ್ವಿಚ್ಚನ್ನು.

ಚೆಂಡೆ ಮುಗಿದು ತಂಬೂರಿ ಶುರುವಾದಾಗ ಕೊಳವೆ ತೆಗೆಯಲು ಮರೆಯುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಎನ್‌ಟಿ1-ಎ ಸ್ವಂತ ಗದ್ದಲ 5 ಡಿಬಿ, ಔಟ್‌ಪುಟ್‌ನಲ್ಲಿ -119 ಡಿಬಿಯು. ಪ್ಯಾಡ್ ಅದನ್ನು -139ಕ್ಕೆ ತಳ್ಳುತ್ತದೆ. -128 ಡಿಬಿಯು ಗದ್ದಲದ ಪ್ರೀಆಂಪ್ ಆಗ ಮೇಲುಗೈ ಪಡೆಯುತ್ತದೆ. ದುಬಾರಿ ನಿಶ್ಶಬ್ದ ಮೈಕ್ 16 ಡಿಬಿ ಗದ್ದಲದ ಸಾಧಾರಣ ಮೈಕಾಗುತ್ತದೆ. ಗೇನ್ ಗುಂಡಿ ಅರ್ಧ ದಾಟಿದರೆ ಪ್ಯಾಡ್ ಬೇಡವೆಂದೇ ಅರ್ಥ.

ಎಕ್ಸ್‌ಎಲ್‌ಆರ್‌ನಿಂದ ದಪ್ಪ ಜ್ಯಾಕಿಗೆ ಹೋಗುವ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರನ್ನು ಪ್ಯಾಡ್ ಎಂದು ಮಾರುವವರಿದ್ದಾರೆ. ಅದು ಸಿಗ್ನಲ್ ಇಳಿಸುವ ಬದಲು ಏರಿಸುತ್ತದೆ, ಫ್ಯಾಂಟಮ್ ತಡೆಯುತ್ತದೆ.

ಕೊಳವೆಯನ್ನು ಪ್ರೀಆಂಪ್ ಕಡೆಗೇ ಹಾಕಿ, ಉದ್ದ ಕೇಬಲಿನಲ್ಲಿ ಸಿಗ್ನಲ್ ಜೋರಾಗಿಯೇ ಬರಲಿ. ಆದರೆ ನೇರ ಸಾಕೆಟ್ಟಿಗೆ ಚುಚ್ಚಿದರೆ ಕೊಳವೆ ಮತ್ತು ಕೇಬಲಿನ ಭಾರ ಎರಡೂ ಇಂಟರ್‌ಫೇಸಿನ ಜ್ಯಾಕಿಗೆ ಜೋತುಬೀಳುತ್ತವೆ. ನಡುವೆ ಒಂದು ಅಡಿಯ ತುಂಡು ಕೇಬಲ್ ಇರಲಿ.