ಎರೆ ಮಣ್ಣಿನ ಮೇಲೆ ಕಂಟೇನರ್ ಕೋಣೆ: ಬ್ಲಾಕು, ಸ್ಲ್ಯಾಬು, ಕಂಬ

ಪುಣೆಯಿಂದ ಸೋಲಾಪುರ ರಸ್ತೆ ಹಿಡಿದರೆ ಉರುಳಿ ಕಾಂಚನ್ ಸಿಗುತ್ತದೆ. ಅದರ ಹತ್ತಿರವೇ ನಮ್ಮ ಮನೆ. ಹಿತ್ತಲಲ್ಲಿ ಎರಡು ಹಳೆಯ 20 ಅಡಿ ಕಂಟೇನರ್ ನಿಂತಿವೆ. ಒಂದರಲ್ಲಿ ನನ್ನ ಡ್ರಾಯಿಂಗ್ ಕೆಲಸ, ಇನ್ನೊಂದರಲ್ಲಿ ನನ್ನ ಹೆಂಡತಿಯ ಹೊಲಿಗೆ. ಡಬ್ಬಿ ಎರಡೇ ಆದರೂ ಅಡಿಪಾಯ ಮೂರು ಥರದ್ದು ಮಾಡಿ ನೋಡಿದ್ದೇವೆ. ನನ್ನದು ಮೊದಲು ಬ್ಲಾಕಿನ ಮೇಲಿತ್ತು, ಈಗ ಕಂಬದ ಮೇಲಿದೆ. ಅವಳದ್ದು ನೆಲಕ್ಕೆ ಹಾಸಿದ ಕಾಂಕ್ರೀಟ್ ಸ್ಲ್ಯಾಬಿನ ಮೇಲಿದೆ.

ನಮ್ಮ ಜಾಗದ್ದು ಅಪ್ಪಟ ಕಪ್ಪು ಎರೆ ಮಣ್ಣು, ನಮ್ಮ ಧಾರವಾಡದ ಹತ್ತಿ ಹೊಲದ ಹಾಗೆಯೇ. ನಾಲ್ಕೂವರೆ ಅಡಿ ಅಗೆದ ಮೇಲೆ ಗಟ್ಟಿ ಗರಸು ಸಿಗುತ್ತದೆ. ಇಲ್ಲಿಯವರು ಅದಕ್ಕೆ ಮುರುಮ್ ಅಂತಾರೆ. ಇದೆಲ್ಲ ನನಗೆ ಮೊದಲೇ ಗೊತ್ತಿದ್ದರೆ ಬ್ಲಾಕಿನ ಗೊಡವೆಗೆ ಹೋಗುತ್ತಿರಲಿಲ್ಲ.

ಬ್ಲಾಕಿನ ಕೆಲಸ ಒಂದೇ ದಿನದ್ದು. ಹುಲ್ಲು ಕೆತ್ತಿ, ನಾಲ್ಕು ಇಂಚು ಗರಸು ಬಡಿದು, ಪ್ರತಿ ಮೂಲೆಗೂ ಮೂರು ಸಾಲು ಸಾಲಿಡ್ ಬ್ಲಾಕ್ ಇಟ್ಟೆವು. ಜನವರಿಯಲ್ಲಿ ಹೈಡ್ರಾ (ಚಕ್ರದ ಮೇಲೆ ಓಡಾಡುವ ಕ್ರೇನ್) ಬಂದು ಡಬ್ಬಿ ಕೂರಿಸಿತು. ಬೇಸಿಗೆ ಪೂರ್ತಿ ಏನೂ ತೊಂದರೆ ಇರಲಿಲ್ಲ. ಜುಲೈ ಕೊನೆಗೆ ಒಂದು ಬೆಳಿಗ್ಗೆ ಬಾಗಿಲಿನ ಲಾಕ್ ರಾಡ್ ತಿರುಗಲೇ ಇಲ್ಲ. ತುಕ್ಕು ಅಂದುಕೊಂಡು ಎಣ್ಣೆ ಬಿಟ್ಟೆ. ಆಮೇಲೆ ಮಟ್ಟ ನೋಡುವ ನೀರಿನ ಟ್ಯೂಬ್ ಹಿಡಿದು ನೋಡಿದರೆ ಒಂದು ಮೂಲೆ 32 ಮಿ.ಮೀ. ಮೇಲೆದ್ದಿತ್ತು. ಚಾವಣಿಯ ನೀರು ಬೀಳುತ್ತಿದ್ದದ್ದು ಸರಿಯಾಗಿ ಅದೇ ಮೂಲೆಗೆ. ಕಂಟೇನರ್ ಅಂದರೆ ಬಿಗಿಯಾದ ಪೆಟ್ಟಿಗೆ. ಒಂದು ಮೂಲೆ ಎದ್ದರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ, ಮೊದಲು ಹಿಡಿಯುವುದು ಬಾಗಿಲು.

ವಿಜಯಪುರದಿಂದ ಬಂದು ಇಲ್ಲೇ ನೆಲೆಸಿದ ಗೌಂಡಿ ಕಾಕಾ ನೋಡಿ ಹೇಳಿದರು: "ಎರಿ ಭೂಮಿ ಬ್ಯಾಸಿಗ್ಯಾಗ ಬಾಯಿ ತಗೀತದ, ಮಳಿಗಾಲದಾಗ ಹೊಟ್ಟಿ ಉಬ್ಬಿಸ್ತದ. ಇದರ ಮ್ಯಾಲ ಹಗುರ ಸಾಮಾನು ಇಟ್ರ ಎತ್ತೇ ಎತ್ತತದ ಸರ." ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಖಾಲಿ 20 ಅಡಿ ಕಂಟೇನರ್ ಸುಮಾರು 2.2 ಟನ್ ಇರುತ್ತದೆ. ನನ್ನ ಮೇಜು, ಕಪಾಟು, ಒಳಗಿನ ಪ್ಲೈವುಡ್ ಸೇರಿದರೂ ಒಂದು ಮೂಲೆಗೆ ಒಂದು ಟನ್ ಬೀಳುವುದಿಲ್ಲ. ಡಬ್ಬಿ ಕುಸಿದರೆ ಹೇಗೆ ಅಂತ ನಾನು ಹೆದರಿದ್ದೆ. ಹೆದರಬೇಕಾಗಿದ್ದು ಅದು ಮೇಲೇಳುವುದಕ್ಕೆ. ಅದೇ ಜಾಗ ಗಟ್ಟಿ ಗರಸೋ ಕಲ್ಲೋ ಆಗಿದ್ದರೆ ಬ್ಲಾಕು ಸಾಕಾಗುತ್ತಿತ್ತು.

ಮರುವರ್ಷ ಫೆಬ್ರವರಿಯಲ್ಲಿ ನನ್ನ ಡಬ್ಬಿಗೆ ಕಂಬ, ಹೆಂಡತಿಯ ಡಬ್ಬಿಗೆ ಸ್ಲ್ಯಾಬ್, ಎರಡೂ ಕೆಲಸ ಒಟ್ಟಿಗೆ ಹಿಡಿದೆವು. ಹೆಂಡತಿ ಒಂದೇ ಮಾತು ಹೇಳಿದ್ದಳು, "ರೀ, ನನಗೆ ಬೆಳಕು ಬೇಕು, ದೊಡ್ಡ ಕಿಟಕಿ ಇಡ್ಸಿ." ಎಂಟು ಅಡಿ ಕಿಟಕಿ ಅಂದರೆ ಸುಮ್ನೆ ತಗಡು ಕತ್ತರಿಸಿದ ಹಾಗಲ್ಲ. ಆ ಅಲೆಅಲೆಯ ಗೋಡೆಯೇ ಕಂಟೇನರಿನ ತೊಲೆ. ಅದು ಪೂರ್ತಿ ಇದ್ದರೆ ಡಬ್ಬಿ ನಾಲ್ಕೇ ಮೂಲೆಯ ಮೇಲೆ ನಿಲ್ಲುತ್ತದೆ. ಕತ್ತರಿಸಿದರೆ ಕಿಟಕಿಗೆ ಕಬ್ಬಿಣದ ಚೌಕಟ್ಟೂ ಬೇಕು, ಅದರ ಕೆಳಗೆ ಆಧಾರವೂ ಬೇಕು. ಅದಕ್ಕೇ ಅವಳದ್ದಕ್ಕೆ ಸ್ಲ್ಯಾಬ್ ಹಾಕಿದೆವು. ಮೂರು ಅಡಿ ಕಪ್ಪು ಮಣ್ಣು ತೆಗೆದು, ಆರಾರು ಇಂಚಿನ ಪದರದಲ್ಲಿ ಗರಸು ತುಂಬಿ, ನೀರು ಹೊಡೆದು ದಮ್ಮಸ್ ಮಾಡಿ (ಬಡಿದು ಗಟ್ಟಿ ಮಾಡಿ), ಮೇಲೆ ಆರು ಇಂಚು ಆರ್‌ಸಿಸಿ. ಉಬ್ಬದ ಮಣ್ಣಿನ ದಪ್ಪ ಪದರ ಹಾಕಿ ಎರೆ ಮಣ್ಣನ್ನು ತಡೆಯುವ ಈ ದಾರಿ ಐಐಟಿ ಬಾಂಬೆಯ ಪ್ರೊಫೆಸರ್ ಆರ್. ಕೆ. ಕಟ್ಟಿ ಅವರ ಸಂಶೋಧನೆಯದ್ದು. ಮಲಪ್ರಭಾ ಕಾಲುವೆ ಕೆಲಸದಲ್ಲೂ ಅದು ಬಳಕೆಗೆ ಬಂತು. ಇದನ್ನು ತಿಳಿದಾಗ ನನಗೆ ತುಂಬ ಹೆಮ್ಮೆಯಾಯಿತು.

ಸ್ಲ್ಯಾಬ್ ಅಲುಗಿಲ್ಲ, ಒಪ್ಪುತ್ತೇನೆ. ಆದರೆ ಖರ್ಚು ಕಂಬದ ದುಪ್ಪಟ್ಟಿಗಿಂತ ಜಾಸ್ತಿ ಬಂತು. ನೀರಿನ ಕಾಟ ಬೇರೆ. ಕಂಟೇನರ್ ಕೂರುವುದು ಮೂಲೆಯ ಎರಕದ ತುಂಡುಗಳ ಮೇಲೆ. ತಳದ ಅಡ್ಡಪಟ್ಟಿಗೂ ಸ್ಲ್ಯಾಬಿಗೂ ನಡುವೆ ಉಳಿಯುವ ಸಂದು ಸುಮಾರು 12 ಮಿ.ಮೀ. ಮಾತ್ರ. ಗೋಡೆಯಿಂದ ಇಳಿದ ನೀರು ಅಲ್ಲಿಗೆ ನುಗ್ಗಿ ನಿಲ್ಲುತ್ತದೆ. ಅಲ್ಲಿಗೆ ಗಾಳಿಯೂ ಹೋಗುವುದಿಲ್ಲ, ಪೇಂಟ್ ಬ್ರಷ್ಷೂ ಹೋಗುವುದಿಲ್ಲ. ಅಂಚಿನ ಪಟ್ಟಿಗೆ ಆಗಲೇ ತುಕ್ಕು ಹಿಡಿದಿದೆ. ಸ್ಲ್ಯಾಬ್ ಹಾಕುವವರು ನಾಲ್ಕು ಮೂಲೆಗೂ ಕಿಟಕಿಯ ಕೆಳಗೂ ನಾಲ್ಕಾರು ಇಂಚು ಎತ್ತರದ ಕಾಂಕ್ರೀಟ್ ದಿಂಬು ಎಬ್ಬಿಸಿ, ಸ್ಲ್ಯಾಬಿಗೆ ಹೊರಗಡೆ ಇಳಿಜಾರು ಕೊಡಿ. ನಾವು ಅದನ್ನು ಮಾಡಲಿಲ್ಲ.

ನನ್ನ ಡಬ್ಬಿಗೆ ನಾಲ್ಕು ಗುಂಡಿ, ತಲಾ ಐದು ಅಡಿ ಆಳ, ಗರಸು ಮುಟ್ಟುವ ತನಕ. ತಳದಲ್ಲಿ ಒಂಬತ್ತು ಇಂಚು ದಪ್ಪದ ಫುಟಿಂಗ್ (ಕಂಬದ ಅಗಲವಾದ ಪಾದ), ಅದರ ಮೇಲೆ ಒಂದು ಅಡಿ ಚೌಕದ ಕಂಬ, ನೆಲದಿಂದ ಒಂದೂವರೆ ಅಡಿ ಮೇಲಕ್ಕೆ. ಕಾಂಕ್ರೀಟ್ ಎಂ20 ದರ್ಜೆಯದ್ದು, ಹತ್ತು ದಿನ ಗೋಣಿ ಚೀಲ ಸುತ್ತಿ ನೀರು. ಇಲ್ಲಿ ಎರಡು ವಿಷಯ ಮರೆಯಬೇಡಿ. ಅಗೆದ ಕಪ್ಪು ಮಣ್ಣನ್ನು ಮತ್ತೆ ಗುಂಡಿಗೆ ತುಂಬಬಾರದು. ಅದು ಉಬ್ಬುವಾಗ ಕಂಬವನ್ನು ಹಿಡಿದು ಮೇಲಕ್ಕೆಳೆಯುತ್ತದೆ. ಸುತ್ತ ಗರಸೇ ತುಂಬಿ. ಇನ್ನೊಂದು ಅಳತೆ. ಹೆಸರಿಗೆ 20 ಅಡಿ, ಹೊರಗಿನ ಉದ್ದ 6.058 ಮೀಟರ್, ಅಂದರೆ 20 ಅಡಿಗಿಂತ ಸ್ವಲ್ಪ ಕಡಿಮೆ. ಕಂಬದ ಮಧ್ಯ ಬರಬೇಕಾದದ್ದು ಮೂಲೆಯ ಎರಕದ ತುಂಡಿನ ತಳದಲ್ಲಿರುವ ತೂತಿನ ಮಧ್ಯಕ್ಕೆ: ಉದ್ದಕ್ಕೆ 5.853 ಮೀಟರ್, ಅಗಲಕ್ಕೆ 2.259 ಮೀಟರ್. ಕರ್ಣ ಎರಡೂ ಕಡೆ 6.274 ಬಂದರೆ ಮೂಲೆ ಸರಿಯಾಗಿದೆ ಅಂತ ಅರ್ಥ. ಕಾಕಾ 20 ಅಡಿ, 8 ಅಡಿ ಲೆಕ್ಕದಲ್ಲಿ ದಾರ ಕಟ್ಟಿದ್ದರು. ಅಗೆಯುವ ಮೊದಲೇ ಕಂಡದ್ದು ಪುಣ್ಯ.

ಕಂಬದ ತಲೆಗೆ 10 ಮಿ.ಮೀ. ಕಬ್ಬಿಣದ ಪ್ಲೇಟ್, ನಾಲ್ಕು ಬೋಲ್ಟ್. ಡಬ್ಬಿ ಕೂತ ಮೇಲೆ ಮೂಲೆಗಳನ್ನು ಪ್ಲೇಟಿಗೆ ವೆಲ್ಡಿಂಗ್ ಮಾಡಿಸಿದೆವು. ಹಗುರ ಡಬ್ಬಿ, ಜೋರು ಗಾಳಿ ಬಂದರೆ ಅಲುಗಬಾರದು ಅಲ್ವಾ? ಈಗ ತಳಕ್ಕೆ ಗಾಳಿ ಆಡುತ್ತದೆ, ಬಗ್ಗಿ ನೋಡಿದರೆ ತುಕ್ಕು ಕಾಣುತ್ತದೆ, ಅಲ್ಲೇ ಪೇಂಟ್ ಹಚ್ಚಬಹುದು. ಎರಡು ಮಳೆಗಾಲ ಕಳೆಯಿತು. ಟ್ಯೂಬ್ ಹಿಡಿದಾಗ ನಾಲ್ಕು ಮೂಲೆಗೂ 3 ಮಿ.ಮೀ. ಒಳಗೇ ವ್ಯತ್ಯಾಸ. ಬಾಗಿಲು ಒಂದೇ ಕೈಯಲ್ಲಿ ತೆರೆಯುತ್ತದೆ.

ಗೋಡೆ ಜಾಸ್ತಿ ಕತ್ತರಿಸದ ಒಂದೇ ಡಬ್ಬಿಗೆ ನಾನು ಕಂಬವನ್ನೇ ಹೇಳುತ್ತೇನೆ. ಎರಡು ಡಬ್ಬಿ ಸೇರಿಸಿ ನಡುವಿನ ಗೋಡೆ ತೆಗೆಯುವವರು ಸ್ಲ್ಯಾಬ್ ಯೋಚಿಸಿ, ದಿಂಬು ಮಾತ್ರ ಮರೆಯಬೇಡಿ. ಯಾವುದೇ ಆಗಲಿ, ಮೇ ತಿಂಗಳೊಳಗೆ ಡಬ್ಬಿ ಕೂರಿಸಿಬಿಡಿ. ಜೂನ್ ಮಳೆ ಬಿದ್ದ ಮೇಲೆ ಎರೆ ಮಣ್ಣಲ್ಲಿ ಹೈಡ್ರಾದ ಚಕ್ರ ಹೂತರೆ, ಅದನ್ನು ಎತ್ತಲು ಇನ್ನೊಂದು ಹೈಡ್ರಾ ಕರೆಸಬೇಕಾಗುತ್ತದೆ.