ತಗಡಿನ ಮಾಡು, ಸುರಿವ ಮಳೆ: ನಿದ್ದೆಗೆ ಯಾವ ಇಯರ್‌ಪ್ಲಗ್?

ಜೂನ್ ಬಂತೆಂದರೆ ಸಕಲೇಶಪುರ, ಮೂಡಿಗೆರೆ ಕಡೆ ತಗಡಿನ ಮಾಡಿನ ಕೆಳಗೆ ಮಲಗುವವರಿಗೆ ರಾತ್ರಿಯಿಡೀ ಮಳೆಯ ಸದ್ದು. ಹಾಸನದಲ್ಲಿ ಹೆದ್ದಾರಿ ಪಕ್ಕದ ಮನೆಯವರಿಗೆ ಲಾರಿ, ಛತ್ರದ ಹಿಂದಿನವರಿಗೆ ಮೈಕು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮೀರಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮಗಳಲ್ಲಿದೆ. ಮೈಕಿನ ಬಗ್ಗೆ ದೂರು ಕೊಡಬಹುದು. ಮಳೆಗೂ ಲಾರಿಗೂ ಕಿವಿಯನ್ನೇ ಮುಚ್ಚಿಕೊಳ್ಳಬೇಕು.

ನಮ್ಮ ಕಡೆ ಮೊದಲು ಕೈ ಹೋಗುವುದು ಹತ್ತಿಗೆ. ಚಳಿಗಾಳಿಗೆ ಅದು ಸರಿ, ಸದ್ದಿಗಲ್ಲ. ಎಳೆಗಳ ನಡುವೆ ಗಾಳಿ ಆಡುವಲ್ಲಿ ಸದ್ದೂ ನುಗ್ಗುತ್ತದೆ, ಮೇಲಾಗಿ ಎಳೆ ಒಳಗೇ ಉಳಿಯುವ ಅಪಾಯ ಬೇರೆ. ಹಾಗಾಗಿ ಹೋಲಿಸಬೇಕಾದ್ದು ಫೋಮ್, ಸಿಲಿಕೋನ್ ಮುದ್ದೆ ಮತ್ತು ಮೂರು ತಟ್ಟೆಯ ರಬ್ಬರ್ ಪ್ಲಗ್ ಇವನ್ನೇ.

ಸದ್ದು ತಡೆಯುವುದರಲ್ಲಿ ಫೋಮ್‌ನದೇ ಮೇಲುಗೈ. ಎಷ್ಟು ಡೆಸಿಬೆಲ್ ಸದ್ದು ತಗ್ಗುತ್ತದೆ ಎಂದು ಹೇಳುವ ಅಂಕಿಗೆ ಎನ್‌ಆರ್‌ಆರ್ ಎನ್ನುತ್ತಾರೆ. ಕಿತ್ತಳೆ ಬಣ್ಣದ ತ್ರೀಎಂ 1100ಕ್ಕೆ ಎನ್‌ಆರ್‌ಆರ್ 29, ಮ್ಯಾಕ್ಸ್ ಪಿಲ್ಲೋ ಸಾಫ್ಟ್ ಸಿಲಿಕೋನ್ ಮುದ್ದೆಗೆ 22. ಇವು ಪ್ರಯೋಗಾಲಯದ ಅಂಕಿಗಳು. ಕಾರ್ಖಾನೆಗಳಲ್ಲಿ ಬಳಸುವ ಒಂದು ಲೆಕ್ಕದಂತೆ ಅದರಲ್ಲಿ 7 ಕಳೆದು ಅರ್ಧ ಮಾಡಿದರೆ ಫೋಮ್‌ಗೆ 11, ಮುದ್ದೆಗೆ 7.5 ಉಳಿಯುತ್ತದೆ. ಸರಿಯಾಗಿ ಹಾಕಿದವರಿಗೆ ಇದಕ್ಕಿಂತ ಹೆಚ್ಚೇ ಸಿಗುತ್ತದೆ, ಅರೆಬರೆ ಹಾಕಿದವರಿಗೆ ಇಷ್ಟೂ ಇಲ್ಲ. ಅಂಕಿಗಿಂತ ಹಾಕುವ ಕೈ ಮುಖ್ಯ ಅನ್ನುವುದು ಇದಕ್ಕೇ.

ಕೈ ತೊಳೆದು ಒರೆಸಿಕೊಳ್ಳಿ. ಫೋಮನ್ನು ಹೆಬ್ಬೆರಳು, ತೋರುಬೆರಳ ನಡುವೆ ಊದುಬತ್ತಿ ಹೊಸೆದ ಹಾಗೆ ಹೊಸೆಯುತ್ತಾ ಸಣ್ಣ ಕಡ್ಡಿಯಷ್ಟು ಮಾಡಿ. ಸುಕ್ಕು ಬಿದ್ದರೆ ಆ ಗೆರೆಯಲ್ಲೇ ಸದ್ದು ಸೋರುತ್ತದೆ, ಬಿಟ್ಟು ಮತ್ತೆ ಹೊಸೆಯಿರಿ. ಬಲಗಿವಿಗಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಆಗ ಡೊಂಕಾದ ಕಿವಿನಾಳ ನೆಟ್ಟಗಾಗುತ್ತದೆ. ತೂರಿಸಿ ಬೆರಳಿನಿಂದ 30 ಸೆಕೆಂಡು ಒತ್ತಿ ಹಿಡಿಯಿರಿ. ಡಿಸೆಂಬರಿನ ಚಿಕ್ಕಮಗಳೂರು ಚಳಿಯಲ್ಲಿ ಫೋಮ್ ಗಡುಸಾಗಿ ನಿಧಾನ ಉಬ್ಬುವುದರಿಂದ ಒಂದು ನಿಮಿಷ ಹಿಡಿಯಬೇಕು, ಇಲ್ಲವೆ ಮೊದಲೇ ಅಂಗೈಲಿ ಬೆಚ್ಚಗೆ ಮಾಡಿಕೊಳ್ಳಬೇಕು. ನಿಮ್ಮದೇ ಉಸಿರು, ಎದೆಬಡಿತ ಜೋರಾಗಿ ಕೇಳಿಸಿದರೆ ಪ್ಲಗ್ ಅರ್ಧಕ್ಕೇ ನಿಂತಿದೆ ಎಂದರ್ಥ. ಇನ್ನಷ್ಟು ಒಳಗೆ ಹೋದರೆ ಆ ಗುಂಯ್ ಕಡಿಮೆಯಾಗುತ್ತದೆ.

ಫೋಮ್‌ನ ತೊಂದರೆ ಮಗ್ಗುಲಾಗಿ ಮಲಗುವವರಿಗೆ. ಕಿವಿಯ ಹೊರಗೆ ಚಾಚಿದ ತುದಿಯನ್ನು ದಿಂಬು ಒತ್ತುತ್ತದೆ, ಎರಡು ಗಂಟೆಯಲ್ಲಿ ನೋವಿಗೇ ಎಚ್ಚರವಾಗುತ್ತದೆ. ಚಪ್ಪಟೆ ತುದಿಯಿಂದ 3–4 ಮಿಲಿಮೀಟರ್ ಕತ್ತರಿಸಿದರೆ ಬಹಳ ಮಂದಿಗೆ ಇದು ಬಗೆಹರಿಯುತ್ತದೆ. ಬೆರಳಿಗೆ ಸಿಗುವಷ್ಟು ಮಾತ್ರ ಉಳಿಸಲೇಬೇಕು. ಇಡೀ ಕಿವಿ ಒಳಗಿನಿಂದ ಬಿಗಿದಂತಾದರೆ ನಾಳ ಸಣ್ಣದು, ಸಣ್ಣ ಅಳತೆಯ ಪ್ಲಗ್ ಕೊಳ್ಳಿ.

ಮಗ್ಗುಲಾಗಿ ಮಲಗುವವರಿಗೆ ನಮ್ಮ ಆಯ್ಕೆ ಸಿಲಿಕೋನ್ ಮುದ್ದೆಯೇ. ಇದು ನಾಳದೊಳಗೆ ಹೋಗುವುದಿಲ್ಲ, ನಾಳದ ಬಾಯಿಯನ್ನಷ್ಟೇ ಮುಚ್ಚಿ ಕಿವಿಯ ತಗ್ಗಿನಲ್ಲಿ ಚಪ್ಪಟೆಯಾಗಿ ಕೂರುತ್ತದೆ, ದಿಂಬಿಗೆ ತಾಗುವುದೇ ಇಲ್ಲ. ಉಂಡೆ ಮಾಡಿ ನಾಳದ ಬಾಯಿಯ ಮೇಲಿಟ್ಟು, ಅಂಚನ್ನು ಸುತ್ತಲೂ ಒತ್ತಿ ಅಂಟಿಸಬೇಕು. ಇಲ್ಲಿ ಕೆಡುವುದು ಕೊಬ್ಬರಿ ಎಣ್ಣೆಯಿಂದ. ರಾತ್ರಿ ತಲೆಗೆ ಎಣ್ಣೆ ಹಚ್ಚಿದ್ದರೆ ಅಂಚು ಹಿಡಿಯದೆ ನಡುರಾತ್ರಿ ಕಳಚಿ ಹಾಸಿಗೆಯಲ್ಲಿರುತ್ತದೆ. ಕಿವಿಯನ್ನು ಒಣಬಟ್ಟೆಯಲ್ಲಿ ಒರೆಸಿ, ಕೂದಲು ಹಿಂದಕ್ಕೆ ಕಟ್ಟಿ ಹಾಕಿ. ಮುದ್ದೆಗೆ ಸಿಕ್ಕ ಕೂದಲು ಬಿಡಿಸುವುದು ಕಷ್ಟ. ಜೀರುಂಡೆಯ ಕೀರಲು, ಪಾತ್ರೆಯ ಸದ್ದಿನಂಥ ತೀಕ್ಷ್ಣ ಸದ್ದನ್ನು ಚೆನ್ನಾಗಿ ತಡೆಯುತ್ತದೆ. ಲಾರಿಯ ಗುಡುಗು, ಪಕ್ಕದವರ ಗೊರಕೆಯಂಥ ದಪ್ಪ ಸದ್ದಿಗೆ ಮಾತ್ರ ಫೋಮ್‌ನಷ್ಟು ಬಲವಿಲ್ಲ.

ಮೂರು ತಟ್ಟೆಯ ರಬ್ಬರ್ ಪ್ಲಗ್ ಸೋಪುನೀರಲ್ಲಿ ತೊಳೆದು ತಿಂಗಳುಗಟ್ಟಲೆ ಬಳಸಬಹುದು. ಆದರೆ ಅದರ ಗಟ್ಟಿ ಕಡ್ಡಿ ಹಾಸಿಗೆಗೆ ಹೇಳಿದ್ದಲ್ಲ. ಸೀಟಿಗೊರಗಿ ಶಿರಾಡಿ ಘಾಟಿ ಇಳಿಯುವ ರಾತ್ರಿ ಬಸ್ಸಿಗೆ ಇಟ್ಟುಕೊಳ್ಳಿ.

ಮಲೆನಾಡಿನ ಮಳೆಗಾಲದಲ್ಲಿ ಫೋಮ್ ತೊಳೆದರೆ ಒಣಗುವುದಿಲ್ಲ, ತೇವದ ಪ್ಲಗ್ ಕಿವಿಯಲ್ಲಿ ಬೂಷ್ಟಿಗೆ ದಾರಿ. ಎರಡು ಮೂರು ರಾತ್ರಿಗೆ ಬದಲಿಸಿ. ಹೊಸೆದು ಬಿಟ್ಟ ತಕ್ಷಣ ಪುಟಿದು ಉಬ್ಬಿದರೆ, ಇಲ್ಲವೆ ಗಡುಸಾಗಿ ಹೊಸೆಯಲಾಗದಿದ್ದರೆ ಅದರ ಆಯುಸ್ಸು ಮುಗಿದಿದೆ. ಮುದ್ದೆಯೂ ಕೊಳೆ ಹತ್ತಿ ಅಂಟು ಕಳೆದುಕೊಂಡಾಗ ಬಿಸಾಡಬೇಕು. ತೆಗೆಯುವಾಗ ಯಾವುದನ್ನೂ ಸರ್ರನೆ ಎಳೆಯಬೇಡಿ, ಒಳಗಿನ ಗಾಳಿಯ ಸೆಳೆತ ಕಿವಿತಮಟೆಗೆ ನೋವು ಮಾಡುತ್ತದೆ. ಫೋಮನ್ನು ಮೆಲ್ಲಗೆ ತಿರುಗಿಸುತ್ತಾ, ಮುದ್ದೆಯನ್ನು ಒಂದು ಅಂಚಿನಿಂದ ಬಿಡಿಸುತ್ತಾ ತೆಗೆಯಿರಿ. ಕಿವಿ ಸೋರುತ್ತಿದ್ದರೆ, ತಮಟೆ ತೂತಾಗಿದ್ದರೆ ಹಾಕಲೇಬಾರದು. ತೆಗೆದ ಮೇಲೂ ಮಂದವಾಗಿ ಕೇಳಿಸಿದರೆ ಗುಗ್ಗೆ ಒಳಗೆ ತಳ್ಳಿಹೋಗಿರಬಹುದು, ಕಡ್ಡಿ ಹಾಕದೆ ಕಿವಿ ಡಾಕ್ಟರಿಗೆ ತೋರಿಸಿ.

ಪುಟ್ಟ ಮಕ್ಕಳ ಕೈಗೆ ಇವು ಸಿಗಬಾರದು, ನುಂಗಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಆಲೂರು, ಸಕಲೇಶಪುರದ ತೋಟದ ಮನೆಗಳಲ್ಲಿ ಆನೆ ಓಡಾಟವಿರುವ ದಿನಗಳಲ್ಲಿ ಮನೆಯ ಒಬ್ಬರಾದರೂ ಕಿವಿ ತೆರೆದಿಟ್ಟು ಮಲಗಬೇಕು. ಒಂಟಿಯಾಗಿರುವವರು ಒಂದೇ ಕಿವಿಗೆ ಹಾಕಿ, ಆ ಕಿವಿಯನ್ನು ಮೇಲೆ ಮಾಡಿ ಮಲಗಿದರೆ ದಿಂಬು ಇನ್ನೊಂದನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ಪ್ಲಗ್ ಹಾಕಿದ ಕಿವಿ ದಿಂಬಿನ ಕಡೆಗಿರಲಿ, ಬರಿಗಿವಿ ಮೇಲಿರಲಿ.